ತಖ್ದೀರಿನ ಹೆಸರಿನಲ್ಲಿ ಬರಿತಲೆಯ ಸವಾರಿ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ರಸ್ತೆಗಳಲ್ಲಿ ಬೈಕ್ ಸವಾರನೊಬ್ಬ ಕಾರಿಗೋ ಲಾರಿಗೋ ಸಿಲುಕಿ ಮೃತಪಟ್ಟ ಸುದ್ದಿ ಬಂದಾಗಲೆಲ್ಲ ನಮ್ಮ ಮೊಹಲ್ಲಾಗಳಲ್ಲಿ ಮೊದಲು ಕೇಳಿಬರುವ ಮಾತು, ‘ಅವನ ತಖ್ದೀರಿನಲ್ಲಿ ಅಷ್ಟೇ ಬರೆದಿತ್ತು’ ಎಂಬುದು. ಎರಡನೆಯ ಮಾತು, ‘ತಪ್ಪೆಲ್ಲ ಕಾರಿನವನದ್ದು’ ಎಂಬುದು. ಈ ಎರಡು ಮಾತುಗಳನ್ನು ಆಡಿ ಮುಗಿಸಿದರೆ ಮತ್ತೇನೂ ಕೇಳಲು ಉಳಿಯುವುದಿಲ್ಲ. ಮೃತನ ತಲೆಯ ಮೇಲೆ ಹೆಲ್ಮೆಟ್ ಇತ್ತೇ? ಅವನಿಗೆ ಲೈಸೆನ್ಸ್ ಇತ್ತೇ? ಬೈಕಿನ ಹಿಂದಿನ ದೀಪ ಉರಿಯುತ್ತಿತ್ತೇ? ಹದಿನಾರರ ಹುಡುಗನ ಕೈಗೆ ಕೀಲಿ ಕೊಟ್ಟವರು ಯಾರು? ಇಂತಹ ಪ್ರಶ್ನೆ ಎತ್ತಿದವನನ್ನು ವಿಧಿಯಲ್ಲಿ ವಿಶ್ವಾಸವಿಲ್ಲದವನೆಂಬಂತೆ ನೋಡಲಾಗುತ್ತದೆ. ವಾಸ್ತವದಲ್ಲಿ ವಿಧಿಯ ಮೇಲಿನ ವಿಶ್ವಾಸವೆಂದರೇನೆಂದು ಅರಿಯದವರು ಪ್ರಶ್ನೆ ಕೇಳುವವರಲ್ಲ, ಪ್ರಶ್ನೆಯನ್ನು ಮುಚ್ಚಿಹಾಕುವವರು.

ಈ ಮಾತುಗಳನ್ನು ಜನಾಝಾ ಹೊರಟ ಮನೆಯಲ್ಲಿ ಆಡಬೇಕೆಂದು ಯಾರೂ ಹೇಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಬೇಕಾದದ್ದು ಸಾಂತ್ವನ ಮತ್ತು ದುಆ. ಅಲ್ಲಾಹನ ತೀರ್ಮಾನಕ್ಕೆ ತಲೆಬಾಗಿ ಆಕೆ ತಾಳ್ಮೆ ತೋರಿದರೆ ಅದು ಮಹಾ ಪುಣ್ಯಕಾರ್ಯ. ಆದರೆ ಮರಣಾನಂತರ ಸಹನೆಗಾಗಿ ಇರುವ ಮಾತನ್ನು ಮರಣಕ್ಕೆ ಮೊದಲೇ ಉಡಾಫೆಗೆ ಪರವಾನಗಿಯಾಗಿ ಬಳಸುವುದು ಬೇರೆಯೇ ಸಂಗತಿ. ಅದು ವಿಶ್ವಾಸವಲ್ಲ. ನಮ್ಮ ಸೋಮಾರಿತನದ ಹೊಣೆಯನ್ನು ಅಲ್ಲಾಹನ ಮೇಲೆ ಹೊರಿಸುವ ದುಸ್ಸಾಹಸವದು.

ಪ್ರವಾದಿಯವರ ಶಿರಸ್ತ್ರಾಣ

ಖಲೀಫಾ ಉಮರ್(ರ) ಸಿರಿಯಾದ ಕಡೆಗೆ ಹೊರಟು ಸರ್ಗ್ ಎಂಬ ಸ್ಥಳವನ್ನು ತಲುಪಿದಾಗ ಮುಂದೆ ಪ್ಲೇಗ್ ಹರಡಿದೆಯೆಂಬ ಸುದ್ದಿ ಬಂತು. ಸಮಾಲೋಚನೆ ನಡೆಸಿ ಅವರು ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಸಾಗುತ್ತಿದ್ದೇವೆ ಎಂಬರ್ಥದಲ್ಲಿ ಉಮರ್(ರ) ಉತ್ತರಿಸಿದರು. ಬಳಿಕ ಒಂದು ಉಪಮೆ ಕೊಟ್ಟರು: ಕಣಿವೆಯ ಒಂದು ದಡ ಹಸುರಾಗಿದೆ, ಇನ್ನೊಂದು ಒಣಗಿದೆ, ಒಂಟೆಗಳನ್ನು ಹಸುರಿನಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ, ಒಣದಡದಲ್ಲಿ ಮೇಯಿಸಿದರೂ ಅಲ್ಲಾಹನ ವಿಧಿಯೇ. ಕುರಿ ಮೇಯಿಸುವ ನಮ್ಮ ಈ ಬಯಲುಸೀಮೆಯವರಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿಲ್ಲ. ವಿಧಿಯನ್ನು ನಂಬಿದವನು ಮಂದೆಯನ್ನು ಹಸುರಿನತ್ತಲೇ ಹೊಡೆಯುತ್ತಾನೆ. ಹೆಲ್ಮೆಟ್ ಧರಿಸುವುದೂ ವಿಧಿಯೊಳಗಿನ ಕ್ರಿಯೆಯೇ ಹೊರತು ವಿಧಿಗೆ ಎದುರಾದುದಲ್ಲ. ಒಂಟೆಯನ್ನು ಮೊದಲು ಕಟ್ಟಿ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ(ಸ)ರವರ ಉಪದೇಶವನ್ನು ನಾವು ಮಕ್ಕಳಿಗೆ ಮದ್ರಸಾದಲ್ಲಿ ಕಲಿಸುತ್ತೇವೆ. ಮದ್ರಸಾದಿಂದ ಮನೆಗೆ ಮೂವರನ್ನು ಒಂದೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುವಾಗ ಅದನ್ನು ಮರೆಯುತ್ತೇವೆ.

ಹೆಲ್ಮೆಟ್ ತವಕ್ಕುಲಿಗೆ ವಿರುದ್ಧವೆನ್ನುವವರು ಉಹುದ್ ರಣರಂಗವನ್ನು ನೆನಪಿಸಿಕೊಳ್ಳಲಿ. ಅಂದು ಪ್ರವಾದಿ(ಸ)ರವರ ತಲೆಯ ಮೇಲಿದ್ದ ಶಿರಸ್ತ್ರಾಣ ಒಡೆಯಿತು, ಮುಖಕ್ಕೆ ಗಾಯವಾಯಿತು, ಹಲ್ಲಿಗೆ ಪೆಟ್ಟಾಯಿತು ಎಂದು ಸಹೀಹ್ ಬುಖಾರಿಯ ವರದಿಯಲ್ಲಿದೆ. ಮಕ್ಕಾ ವಿಜಯದ ದಿನ ನಗರವನ್ನು ಪ್ರವೇಶಿಸುವಾಗಲೂ ಅವರು ಶಿರಸ್ತ್ರಾಣ ಧರಿಸಿದ್ದರು. ಅಲ್ಲಾಹನ ರಕ್ಷಣೆಯ ವಾಗ್ದಾನ ಯಾರಿಗೆ ಇತ್ತೋ ಅಂತಹ ಮಹಾನುಭಾವರೇ ತಲೆಯನ್ನು ಲೋಹದಿಂದ ಮುಚ್ಚಿಕೊಂಡರು. ಅಂತಹ ಯಾವ ವಾಗ್ದಾನವೂ ಇಲ್ಲದ ನಾವು, ರಾಮಪುರ ಹಾದಿಯಲ್ಲಿ ಎದುರಿಗೆ ಬರುವ ಲಾರಿಗಳ ನಡುವೆ, ಬರಿತಲೆಯಲ್ಲಿ ಸಾಗುತ್ತ ಅದನ್ನು ತವಕ್ಕುಲ್ ಎನ್ನುತ್ತೇವೆ! ನಿಮ್ಮ ಕೈಯಾರೆ ನಿಮ್ಮನ್ನು ವಿನಾಶಕ್ಕೆ ತಳ್ಳಿಕೊಳ್ಳಬೇಡಿರೆಂಬ ಆದೇಶ ಅಲ್ ಬಕರಃ ಅಧ್ಯಾಯದಲ್ಲಿದೆ. ನಿಮ್ಮನ್ನು ನೀವೇ ಕೊಲ್ಲಬೇಡಿರೆಂಬ ನಿಷೇಧ ಅನ್ನಿಸಾ ಅಧ್ಯಾಯದಲ್ಲಿದೆ. ದೇಹ ನಮ್ಮ ಸ್ವತ್ತಲ್ಲ, ಅಮಾನತ್. ಅಮಾನತ್ತನ್ನು ಹಾಳುಗೆಡವಿದವನು ಅದು ತನ್ನ ಸ್ವಂತ ವಿಚಾರವೆಂದು ವಾದಿಸಲಾರ.

ಲೆಕ್ಕವನ್ನೂ ನೋಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕುಳಿತಿದ್ದವರು. ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾವಿನ ಸಾಧ್ಯತೆ ನೂರಕ್ಕೆ ಸುಮಾರು 42ರಷ್ಟೂ ತಲೆಗೆ ಪೆಟ್ಟಾಗುವ ಸಾಧ್ಯತೆ ನೂರಕ್ಕೆ ಸುಮಾರು 69ರಷ್ಟೂ ಇಳಿಯುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವೈದ್ಯಕೀಯ ವಿಮರ್ಶೆ ತಿಳಿಸುತ್ತದೆ. ಹೆಲ್ಮೆಟ್ ಎಲ್ಲರನ್ನೂ ಉಳಿಸುವುದಿಲ್ಲ ನಿಜ. ಔಷಧಿಯೂ ಎಲ್ಲರನ್ನೂ ಉಳಿಸುವುದಿಲ್ಲ. ಹಾಗೆಂದು ಜ್ವರ ಬಂದ ಮಗುವಿಗೆ ಔಷಧಿ ಕೊಡದೆ ಯಾರೂ ತಖ್ದೀರ್ ಎನ್ನುವುದಿಲ್ಲ.

ನಮ್ಮ ನೆಪಗಳು

‘ಬಿಸಿಲು ಜಾಸ್ತಿ’ ಎಂಬುದು ಮೊದಲ ನೆಪ. ಚಳ್ಳಕೆರೆಯ ಬೇಸಗೆ ಕಠಿಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ಬಿಸಿಲಿನಲ್ಲಿ ರಮಝಾನಿನ ಉಪವಾಸ ಆಚರಿಸುವ ಸಮುದಾಯ ನಮ್ಮದು. ಅಲ್ಲಾಹನಿಗಾಗಿ ಹದಿಮೂರು ಗಂಟೆ ಬಾಯಾರಿಕೆ ತಾಳಬಲ್ಲವನು, ಅಲ್ಲಾಹನ ಅಮಾನತ್ತಿಗಾಗಿ ಅರ್ಧ ಗಂಟೆ ಬೆವರನ್ನು ತಾಳಲಾರನೇ?

‘ಟೋಪಿ ಇದೆ, ನಮಾಝಿಗೆ ಹೋಗುತ್ತಿದ್ದೇನೆ’ ಎಂಬುದು ಎರಡನೆಯದು. ಬಟ್ಟೆಯ ಟೋಪಿ ಹೆಲ್ಮೆಟ್ಟಿನ ಒಳಗೂ ಇರಬಲ್ಲದು, ಜೇಬಿನಲ್ಲೂ ಇರಬಲ್ಲದು. ಶುಕ್ರವಾರದ ಬಿಳಿಯ ಉಡುಪನ್ನು ಪೊಲೀಸರು ತಡೆಯುವುದಿಲ್ಲವೆಂಬ ಧೈರ್ಯದಿಂದ ಮೂವರು ಒಂದೇ ಬೈಕಿನಲ್ಲಿ ಮಸೀದಿಗೆ ಬರುವುದು ಧರ್ಮದ ಉಡುಪಿಗೆ ಮಾಡುವ ಅವಮಾನ. ಇಕಾಮತ್ ಕೇಳಿಸಿದರೂ ಓಡಿ ಬರಬೇಡಿ, ಶಾಂತವಾಗಿ ಬನ್ನಿ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಕಾಲ್ನಡಿಗೆಯಲ್ಲಿ ಬರುವವನಿಗೇ ಅವಸರ ಸಲ್ಲದೆಂದ ಮೇಲೆ, ರಕಅತ್ ಸಿಗಲೆಂದು ಅಥವಾ ಇಫ್ತಾರಿಗೆ ಮನೆ ಸೇರಬೇಕೆಂದು ವೃತ್ತದಲ್ಲಿ ಅಡ್ಡ ನುಗ್ಗುವವನು ಯಾವ ಸುನ್ನತ್ತನ್ನು ಪಾಲಿಸುತ್ತಿದ್ದಾನೆ?

‘ಇಲ್ಲೇ ಹೋಗಿ ಬರುತ್ತೇನೆ’ ಎಂಬುದು ಮೂರನೆಯದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ತಲೆ ಗಟ್ಟಿ ವಸ್ತುವಿಗೆ ಬಡಿದರೆ ಅದು ಸುಮಾರು 6 ಮೀಟರ್ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮೇಲಿನಿಂದ, ಬಿದ್ದುದಕ್ಕೆ ಸಮ. 60 ಕಿ.ಮೀ. ವೇಗದಲ್ಲಿ ಅದು 14 ಮೀಟರ್ ಎತ್ತರವಾಗುತ್ತದೆ. ಮನೆಯಿಂದ ಎಷ್ಟು ದೂರ ಬಂದಿದ್ದೇವೆಂಬುದನ್ನು ಕಾಂಕ್ರೀಟ್ ರಸ್ತೆ ಕೇಳುವುದಿಲ್ಲ.

ನಾಲ್ಕನೆಯದು ನೆಪವಲ್ಲ, ವಂಚನೆ: ಪೊಲೀಸರಿಗೆ ತೋರಿಸಲೆಂದೇ ಕೊಂಡ ಅಗ್ಗದ ಟೊಪ್ಪಿಗೆ. ಹೆಲ್ಮೆಟ್ಟಿನ ಹೊರಕವಚದೊಳಗೆ ದಪ್ಪ ಥರ್ಮೋಕೋಲಿನ ಪದರವಿರುತ್ತದೆ. ಪೆಟ್ಟು ಬಿದ್ದಾಗ ಅದು ತಾನು ನಜ್ಜುಗುಜ್ಜಾಗಿ ತಲೆಬುರುಡೆಯನ್ನು ಉಳಿಸುತ್ತದೆ. ಆ ಪದರವಿಲ್ಲದ, ಐಎಸ್‌ಐ ಗುರುತಿಲ್ಲದ, ಗಲ್ಲದಡಿಯ ಪಟ್ಟಿ ಬಿಗಿಯದ ಹೆಲ್ಮೆಟ್ ಪೊಲೀಸನನ್ನು ಮೋಸಗೊಳಿಸೀತು, ಡಾಂಬರನ್ನಲ್ಲ. ಒಮ್ಮೆ ಬಲವಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಸರಿಯಾಗಿ ಕಂಡರೂ ಮತ್ತೆ ಬಳಕೆಗೆ ಯೋಗ್ಯವಲ್ಲ.

‘ತಪ್ಪು ಕಾರಿನವನದ್ದು’

ಈ ಮಾತಿನಲ್ಲಿ ಸತ್ಯಾಂಶವಿದೆ. ಅಮೆರಿಕದ ಲಾಸ್ ಏಂಜಲೀಸ್ ಸುತ್ತ ನಡೆದ 900 ಬೈಕ್ ಅಪಘಾತಗಳನ್ನು ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಪರಿಶೀಲಿಸಿ 1981ರಲ್ಲಿ ವರದಿ ನೀಡಿತು. ಬೈಕ್ ಮತ್ತು ಇನ್ನೊಂದು ವಾಹನ ಡಿಕ್ಕಿಯಾದ ಪ್ರಕರಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದ ಚಾಲಕನೇ ಬೈಕಿಗೆ ಸಲ್ಲಬೇಕಾದ ದಾರಿಯನ್ನು ಅತಿಕ್ರಮಿಸಿದ್ದ. ಬೈಕ್ ತಮಗೆ ಕಾಣಲೇ ಇಲ್ಲವೆಂಬುದು ಅಂತಹ ಚಾಲಕರ ಸಾಮಾನ್ಯ ಉತ್ತರವಾಗಿತ್ತು. ಅದು ಸುಳ್ಳೇ ಆಗಿರಬೇಕಿಲ್ಲ. ಕಾರಿನ ಮುಂಗಾಜಿನ ಇಕ್ಕೆಲಗಳ ಕಂಬ ಒಂದು ಬೈಕನ್ನು ಪೂರ್ತಿ ಮರೆಮಾಡಬಲ್ಲದು. ಕಿರಿದಾದ ವಸ್ತುವಿನ ವೇಗವನ್ನು ಕಣ್ಣು ಕಡಿಮೆಯಾಗಿ ಅಂದಾಜಿಸುತ್ತದೆ. ಇದೇ ಕಾರಣದಿಂದ 2017ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ತಾನಾಗಿ ಉರಿಯುವಂತೆ ನಿಯಮ ಮಾಡಲಾಯಿತು.

ಆದರೆ ತಪ್ಪು ಅವನದ್ದಾದ ಮಾತ್ರಕ್ಕೆ ಸಾವು ಅವನದ್ದಾಗುವುದಿಲ್ಲ. ಕಾರಿನವನು ಕಬ್ಬಿಣದ ಪೆಟ್ಟಿಗೆಯೊಳಗೆ ಪಟ್ಟಿ ಕಟ್ಟಿ ಕುಳಿತಿದ್ದಾನೆ. ಸವಾರನಿಗೆ ಇರುವುದು ಚರ್ಮ ಮಾತ್ರ. ನ್ಯಾಯ ನಮ್ಮ ಕಡೆಗಿದ್ದರೂ ಗೋರಿ ನಮ್ಮದೇ ಆದರೆ, ಆ ನ್ಯಾಯದಿಂದ ಮನೆಯ ಅನಾಥರಿಗೇನು ಲಾಭ? ಆದುದರಿಂದ ಎದುರಿನವನು ತಪ್ಪು ಮಾಡಿಯೇ ಮಾಡುತ್ತಾನೆಂದು ಊಹಿಸಿ ಸವಾರಿ ಮಾಡುವುದೇ ವಿವೇಕ.

ಚಳ್ಳಕೆರೆಯ ನೆಹರು ವೃತ್ತದಲ್ಲಾಗಲಿ ಬಿ.ಜಿ.ಕೆರೆಯಂತಹ ಹೆದ್ದಾರಿ ಊರುಗಳಲ್ಲಾಗಲಿ ಅಡ್ಡರಸ್ತೆಯಿಂದ ಕಾರಿನ ಮೂತಿ ಕಂಡ ಕೂಡಲೇ ವೇಗ ತಗ್ಗಿಸಿ ಬ್ರೇಕಿನ ಮೇಲೆ ಬೆರಳಿಡಬೇಕು. ಕಾರಿನ ಇಂಡಿಕೇಟರನ್ನು ನಂಬಬಾರದು, ಅದರ ಮುಂಚಕ್ರ ಯಾವ ಕಡೆ ತಿರುಗುತ್ತಿದೆ ಎಂಬುದನ್ನು ನೋಡಬೇಕು. ಅದರ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ ಅವನಿಗೂ ನಾವು ಕಾಣುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಮುಂದಿನ ವಾಹನಕ್ಕೂ ನಮಗೂ ಎರಡು ಸೆಕೆಂಡಿನ ಅಂತರವಿಲ್ಲದಿದ್ದರೆ ಅದು ದಿಢೀರನೆ ನಿಂತಾಗ ನಾವು ನಿಲ್ಲಲಾರೆವು. ಪೇಟೆಯಲ್ಲಿ ರಸ್ತೆಬದಿ ನಿಂತ ಕಾರುಗಳನ್ನು ಉಜ್ಜಿಕೊಂಡು ಸಾಗುವವನನ್ನು ದಿಢೀರನೆ ತೆರೆದ ಬಾಗಿಲು ಕೆಡವುತ್ತದೆ. ಬಾಗಿಲಿನ ಅಗಲದಷ್ಟು ದೂರ ಬಿಟ್ಟೇ ಸಾಗಬೇಕು. ಲಾರಿಯ ಹಿಂದಿನಿಂದ ಇಣುಕಿ ಓವರ್‌ಟೇಕ್ ಮಾಡುವವನಿಗೆ ಎದುರಿನ ಕಾರು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ನಮ್ಮ ಸೀಮೆಗೇ ವಿಶಿಷ್ಟವಾದ ಅಪಾಯಗಳೂ ಇವೆ. ಶೇಂಗಾ ಸುಗ್ಗಿಯಲ್ಲಿ ಹಿಂದೀಪವೂ ಹೊಳೆಯುವ ಪಟ್ಟಿಯೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ರಾತ್ರಿಯ ರಸ್ತೆಯಲ್ಲಿ ಕಪ್ಪು ಗೋಡೆಯಂತೆ ನಿಂತಿರುತ್ತವೆ. ಎದುರಿನ ಕಾರಿನ ಹೈಬೀಮಿಗೆ ಕಣ್ಣು ಕೋರೈಸಿದ ಕ್ಷಣದಲ್ಲೇ ಸವಾರರು ಅದಕ್ಕೆ ಬಡಿಯುತ್ತಾರೆ. ಕಣ್ಣು ಕಾಣದಾದಾಗ ವೇಗ ಹೆಚ್ಚಿಸಿ ದಾಟುವುದಲ್ಲ, ರಸ್ತೆಯ ಎಡ ಅಂಚನ್ನು ನೋಡುತ್ತ ವೇಗ ಇಳಿಸುವುದೇ ಉಪಾಯ. ಮುಸ್ಸಂಜೆಯಲ್ಲಿ ಕುರಿಮಂದೆ ರಸ್ತೆ ದಾಟುತ್ತದೆ. ಒಕ್ಕಣೆಗೆಂದು ರಸ್ತೆಗೆ ಹಾಸಿದ ಹುರುಳಿಯ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿ(ಸ)ರವರು ಕಲಿಸಿದರು. ಹಾಗಿರುವಾಗ ದಾರಿಗೆ ತೊಂದರೆಯನ್ನು ತಂದು ಹಾಕುವವನ ಈಮಾನಿನ ಸ್ಥಿತಿಯೇನೆಂದು ನಮ್ಮ ರೈತರೂ ಟ್ರ್ಯಾಕ್ಟರ್ ಮಾಲೀಕರೂ ಯೋಚಿಸಲಿ. ನೂರಿನ್ನೂರು ರೂಪಾಯಿಯ ಹೊಳೆಯುವ ಪಟ್ಟಿ ಒಂದು ಜೀವದ ಬೆಲೆಗಿಂತ ದುಬಾರಿಯಲ್ಲ.

ಸ್ಟಿಯರಿಂಗ್ ಹಿಡಿದವರಿಗೆ

ಕಾರಿನವರೆಂದರೆ ಎಲ್ಲಿಂದಲೋ ಬಂದವರಲ್ಲ. ನಮ್ಮಲ್ಲೇ ಕಾರಿನ ಮಾಲೀಕರಿದ್ದಾರೆ, ಲಾರಿ, ಟೆಂಪೋ, ಟ್ಯಾಕ್ಸಿ ಓಡಿಸಿ ಬದುಕುವವರು ಬಹಳಷ್ಟಿದ್ದಾರೆ. ಅವರು ಅನ್ನಿಸಾ ಅಧ್ಯಾಯದ 92ನೆಯ ಸೂಕ್ತವನ್ನು ಓದಲಿ. ಉದ್ದೇಶವಿಲ್ಲದೆ, ಪ್ರಮಾದದಿಂದ ಒಬ್ಬನನ್ನು ಕೊಂದವನಿಗೂ ಅಲ್ಲಾಹನು ಪ್ರಾಯಶ್ಚಿತ್ತವನ್ನೂ ಮೃತನ ಕುಟುಂಬಕ್ಕೆ ಪರಿಹಾರಧನವನ್ನೂ ವಿಧಿಸಿದ್ದಾನೆ. ವಿಮೋಚನೆಗೊಳಿಸಲು ಗುಲಾಮನಿಲ್ಲದಿದ್ದರೆ ಎರಡು ತಿಂಗಳು ಎಡೆಬಿಡದೆ ಉಪವಾಸವಿರಬೇಕು. ಒಪ್ಪಂದದಲ್ಲಿರುವ ಇತರ ಜನಾಂಗದವನು ಸತ್ತರೂ ಇದೇ ವಿಧಿ. ‘ಬೇಕೆಂದು ಮಾಡಲಿಲ್ಲ’ ಎಂಬ ಮಾತಿನಿಂದ ಲೆಕ್ಕ ಮುಗಿಯುವುದಿಲ್ಲವೆಂದೇ ಇದರ ತಾತ್ಪರ್ಯ. ಬ್ರೂನೈಯ ಬಂದರ್ ಸೆರಿ ಬೆಗವಾನ್‌ನಲ್ಲಿ 1993ರಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ಶರೀಅತ್ತಿಗೆ ವಿರುದ್ಧವಲ್ಲದ ಸಂಚಾರ ನಿಯಮಗಳ ಪಾಲನೆ ಧಾರ್ಮಿಕವಾಗಿಯೂ ಕಡ್ಡಾಯವೆಂದು, ವಾಹನದಿಂದ ಇತರರಿಗಾಗುವ ಹಾನಿಗೆ ಚಾಲಕ ಹೊಣೆಗಾರನೆಂದು ನಿರ್ಣಯಿಸಿತು. ಹಾಗಾಗಿ ಮೊಬೈಲ್ ನೋಡುತ್ತ ಕಾರು ಓಡಿಸುವುದು ದಂಡ ಕಟ್ಟಿ ಮುಗಿಸುವ ವಿಷಯವಲ್ಲ. ಅದು ಪರಲೋಕದ ಕಟಕಟೆಗೆ ಹೋಗುವ ವಿಷಯ.

ಚಾಲಕರು ಮಾಡಬೇಕಾದುದು ಹೆಚ್ಚೇನಲ್ಲ. ತಿರುಗುವ ಮೊದಲು ಬೈಕನ್ನೇ ಹುಡುಕುವಂತೆ ಎರಡು ಬಾರಿ ನೋಡಲಿ. ಎದುರಿನಿಂದ ಬೈಕ್ ಬಂದಾಗ ಹೈಬೀಮ್ ಇಳಿಸಲಿ. ಬಾಗಿಲನ್ನು ದೂರದ ಕೈಯಿಂದ ತೆರೆಯಲಿ. ಆಗ ದೇಹ ತಾನಾಗಿ ಹಿಂದಕ್ಕೆ ತಿರುಗಿ ಕಣ್ಣು ರಸ್ತೆಯನ್ನು ಕಾಣುತ್ತದೆ. ಡಿಕ್ಕಿಯಾದರೆ ಓಡಿಹೋಗದೆ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲಿ. ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ಚಾಲಕನ ಮೇಲೆ ಈ ಕರ್ತವ್ಯವನ್ನು ಹೊರಿಸಿದೆ. ದಾರಿಹೋಕರೂ ಹೆದರಬೇಕಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಸದುದ್ದೇಶದಿಂದ ನೆರವಾದವನಿಗೆ ರಕ್ಷಣೆ ನೀಡುತ್ತದೆ. ಮೊಳಕಾಲ್ಮೂರಿನಿಂದ ಬಳ್ಳಾರಿಗೋ ಚಿತ್ರದುರ್ಗಕ್ಕೋ ಸಾಗಿಸಬೇಕಾದ ಗಾಯಾಳುವಿಗೆ, ನಾವು ವಿಡಿಯೋ ಮಾಡುತ್ತ ಕಳೆಯುವ ಪ್ರತಿ ನಿಮಿಷವೂ ಅವನ ಆಯುಸ್ಸಿನದ್ದು. 108ಕ್ಕೆ ಕರೆ ಮಾಡುವ ಬೆರಳು ಕ್ಯಾಮೆರಾ ಒತ್ತುವ ಬೆರಳಿಗಿಂತ ಮುಂದಾಗಲಿ. ಒಂದು ಜೀವವನ್ನು ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎಂದು ಕುರ್‌ಆನ್ ಕಲಿಸುತ್ತದೆ. ಆ ಜೀವದ ಧರ್ಮ ಯಾವುದೆಂದು ಅಲ್ಲಿ ಕೇಳಿಲ್ಲ.

ತಂದೆಯಂದಿರೇ, ಜಮಾಅತ್‌ಗಳೇ

ಹೈಸ್ಕೂಲು ದಾಟದ ಹುಡುಗನಿಗೆ ಬೈಕಿನ ಕೀಲಿ ಕೊಟ್ಟು ‘ಮಗ ಹುಷಾರಾಗಿದ್ದಾನೆ’ ಎಂದು ಹೆಮ್ಮೆಪಡುವ ತಂದೆಯೇ ಈ ಲೇಖನದ ಮೊದಲ ಆರೋಪಿ. ಕಾನೂನೂ ಹಾಗೆಯೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ: ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ, 12 ತಿಂಗಳು ವಾಹನದ ನೋಂದಣಿ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದವನ ಕೈಯಲ್ಲಿ ಅಪಘಾತವಾದರೆ ವಿಮಾ ಕಂಪೆನಿ ಗಾಯಾಳುವಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಒಬ್ಬ ಹುಡುಗನ ಮೋಜಿಗೆ ಎರಡು ಮನೆಗಳು ಬೀದಿಗೆ ಬೀಳುತ್ತವೆ. ನಿಮ್ಮಲ್ಲಿ ಪ್ರತಿಯೊಬ್ಬನೂ ಕುರುಬ, ತನ್ನ ಮಂದೆಯ ಕುರಿತು ವಿಚಾರಿಸಲ್ಪಡುವವನು ಎಂಬ ಹದೀಸಿನ ತಾತ್ಪರ್ಯ ತಂದೆಗೆ ಇಲ್ಲಿ ಅನ್ವಯಿಸದಿದ್ದರೆ ಇನ್ನೆಲ್ಲಿ ಅನ್ವಯಿಸೀತು?

ಹಿಂದೆ ಕುಳಿತ ಹೆಂಡತಿ ಮಕ್ಕಳ ವಿಷಯವೂ ಇದೆ. ಅಂಜಶಃ ಎಂಬ ಒಂಟೆ ಚಾಲಕ ಸ್ತ್ರೀಯರಿದ್ದ ಒಂಟೆಗಳನ್ನು ವೇಗವಾಗಿ ನಡೆಸಿದಾಗ, ಪ್ರವಾದಿ(ಸ)ರವರು ಆ ಸ್ತ್ರೀಯರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ ನಿಧಾನಿಸಲು ಹೇಳಿದರು. ನಮ್ಮಲ್ಲಿ ಗಂಡನ ತಲೆಗೆ ಹೆಲ್ಮೆಟ್ ಇರುತ್ತದೆ. ಒಂದು ಬದಿಗೆ ಕುಳಿತ ಹೆಂಡತಿಯ ತಲೆಗೆ ದುಪ್ಪಟ್ಟಾ, ಟ್ಯಾಂಕಿನ ಮೇಲೆ ಕುಳಿತ ಮಗುವಿಗೆ ಅದೂ ಇಲ್ಲ. ನಾಲ್ಕು ವರ್ಷ ಮೀರಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಅದಕ್ಕಿಂತ ಚಿಕ್ಕ ಮಗುವನ್ನು ಕರೆದೊಯ್ಯುವಾಗ ಮಗುವಿಗೆ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, ಗಂಟೆಗೆ 40 ಕಿ.ಮೀ. ಮೀರದ ವೇಗ ಇರಬೇಕೆಂದು 2022ರ ಕೇಂದ್ರ ನಿಯಮ ಹೇಳುತ್ತದೆ. ಬುರ್ಖಾ, ದುಪ್ಪಟ್ಟಾಗಳ ಅಂಚು ಚಕ್ರಕ್ಕೆ ಸಿಲುಕದಂತೆ ಸೀರೆಗಾರ್ಡ್ ಹಾಕಿಸುವುದಕ್ಕೆ ಫತ್ವಾ ಬೇಕಿಲ್ಲ.

ಮಸೀದಿ ಕಮಿಟಿಗಳಿಗೂ ನೇರ ಪ್ರಶ್ನೆಯಿದೆ. ಈದ್ ಮಿಲಾದ್ ದಿನ ಸೈಲೆನ್ಸರ್ ಕಿತ್ತ ಬೈಕುಗಳಲ್ಲಿ ಮೂವರು ಮೂವರಾಗಿ ಧ್ವಜ ಹಿಡಿದು, ವ್ಹೀಲಿಂಗ್ ಮಾಡುತ್ತ ಸಾಗುವ ಹುಡುಗರನ್ನು ತಡೆಯುವವರು ಯಾರು? ಅರಫಾತಿನಿಂದ ಹಿಂದಿರುಗುವಾಗ ಹಿಂದಿನಿಂದ ಒಂಟೆಗಳನ್ನು ಹೊಡೆಯುವ ಗದ್ದಲ ಕೇಳಿ, ಶಾಂತರಾಗಿರಿ, ಪುಣ್ಯವು ಅವಸರದಲ್ಲಿಲ್ಲ ಎಂದು ತಿಳಿಹೇಳಿದ ಪ್ರವಾದಿ(ಸ)ರವರ ಪ್ರೀತಿಯನ್ನು ಅವರಿಗೆ ಅಪ್ರಿಯವಾದ ರೀತಿಯಲ್ಲೇ ಪ್ರದರ್ಶಿಸುತ್ತಿದ್ದೇವೆ. ಮದುವೆಯಲ್ಲಿ ವರನಿಗೆ ಬೈಕ್ ಬೇಕೆಂದು ಪಟ್ಟು ಹಿಡಿಯುವ ಅನಿಷ್ಟ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು. ಅದನ್ನು ನಿಲ್ಲಿಸಲಾಗದ ಜಮಾಅತ್, ಕನಿಷ್ಠಪಕ್ಷ ಮದುಮಗಳ ತಲೆಗೂ ಒಂದು ಹೆಲ್ಮೆಟ್ ಇದೆಯೇ ಎಂದಾದರೂ ಕೇಳಲಿ. ವಿಮೆ ಸಂಶಯಾಸ್ಪದವೆಂದು ಥರ್ಡ್ ಪಾರ್ಟಿ ವಿಮೆಯನ್ನೂ ಬಿಡುವವರಿಗೆ ತಿಳಿಹೇಳಲಿ: ಕಾನೂನು ಕಡ್ಡಾಯಗೊಳಿಸಿದ ಆ ವಿಮೆಗೆ ಹಲವು ಉಲಮಾಗಳು ಅನುಮತಿ ನೀಡಿದ್ದಾರೆ, ಮತ್ತು ಅದನ್ನು ಬಿಟ್ಟಾಗ ಮುಳುಗುವುದು ನಮ್ಮ ಬೈಕಿಗೆ ಸಿಲುಕಿದ ಬಡವನ ಹಕ್ಕು. ವರ್ಷಕ್ಕೆ ಐವತ್ತಕ್ಕೂ ಹೆಚ್ಚು ಜುಮಾ ಖುತ್ಬಾಗಳಿರುತ್ತವೆ. ಒಂದೆರಡನ್ನು ರಸ್ತೆಯ ಹಕ್ಕಿಗೆ ಮೀಸಲಿಟ್ಟರೆ ಮಿಂಬರಿನ ಗೌರವ ಕುಂದುವುದಿಲ್ಲ. ದಾರಿಯಲ್ಲಿ ಕುಳಿತುಕೊಳ್ಳುವವರಿಗೇ ದಾರಿಯ ಹಕ್ಕನ್ನು ಕೊಡಿರೆಂದು ಪ್ರವಾದಿ(ಸ)ರವರು ಆದೇಶಿಸಿದರು. ಆ ಹಕ್ಕುಗಳಲ್ಲಿ ಯಾರಿಗೂ ಕಿರುಕುಳ ಕೊಡದಿರುವುದೂ ಒಂದು.

ಆಡಳಿತವೂ ಹೊಣೆಯಿಂದ ಪಾರಾಗದು. ದೂರದ ಇರಾಕಿನಲ್ಲಿ ಒಂದು ಪ್ರಾಣಿ ಎಡವಿದರೂ, ದಾರಿಯನ್ನೇಕೆ ಸಮಗೊಳಿಸಲಿಲ್ಲವೆಂದು ಅಲ್ಲಾಹನು ತನ್ನನ್ನು ಕೇಳುವನೆಂದು ಉಮರ್(ರ) ಭಯಪಟ್ಟಿದ್ದರೆಂಬುದು ಪ್ರಸಿದ್ಧ. ಗುರುತಿಲ್ಲದ ರಸ್ತೆಯುಬ್ಬು, ದೀಪವಿಲ್ಲದ ತಿರುವು, ವರ್ಷಗಟ್ಟಲೆ ಮುಚ್ಚದ ಗುಂಡಿಗಳಿಗಾಗಿ ಜಮಾಅತ್‌ಗಳು ಊರಿನ ಇತರ ಸಮುದಾಯಗಳೊಂದಿಗೆ ಸೇರಿ ತಹಶೀಲ್ದಾರರಿಗೂ ಹೆದ್ದಾರಿ ಅಧಿಕಾರಿಗಳಿಗೂ ಮನವಿ ಕೊಡಲಿ, ಉತ್ತರ ಬರುವವರೆಗೆ ಬೆನ್ನು ಹತ್ತಲಿ. ಆದರೆ ಗುಂಡಿ ಮುಚ್ಚುವವರೆಗೆ ಹೆಲ್ಮೆಟ್ ಧರಿಸೆನೆಂಬ ವಾದಕ್ಕೆ ಅರ್ಥವಿಲ್ಲ.

ವಾಹನವೇರುವಾಗ ನಾವು ಓದುವ ದುಆದಲ್ಲಿ ಎರಡು ಅಂಶಗಳಿವೆ: ಈ ವಾಹನವನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು, ಮತ್ತು ನಾವು ಮರಳಬೇಕಾದುದು ಅವನ ಕಡೆಗೇ. ಅಧೀನದಲ್ಲಿರಬೇಕಾದ ವಾಹನಕ್ಕೆ ನಾವೇ ಅಧೀನರಾದಾಗ ಮೊದಲನೆಯ ಅಂಶವನ್ನು ಸುಳ್ಳಾಗಿಸುತ್ತೇವೆ. ಮರಳುವ ದಿನ ನಮ್ಮ ಕೈಯಲ್ಲಿಲ್ಲ. ಆದರೆ ಅಮಾನತ್ತನ್ನು ಕಾಪಾಡಿಕೊಂಡು ಮರಳಿದೆವೋ, ಬೀದಿಯಲ್ಲಿ ಚೆಲ್ಲಿ ಮರಳಿದೆವೋ ಎಂಬುದರ ವಿಚಾರಣೆ ನಮ್ಮದೇ. ಆ ದಿನ ‘ತಖ್ದೀರ್’ ಎಂಬ ಒಂದು ಮಾತಿನಿಂದ ಪಾರಾಗಬಹುದೆಂದು ಭಾವಿಸಿದವರು ಈಗಲೇ ಎಚ್ಚರಗೊಳ್ಳಲಿ.

ನಮ್ಮ ಮಕ್ಕಳನ್ನೂ ದಾರಿಯ ಪ್ರತಿಯೊಬ್ಬ ಪಯಣಿಗನನ್ನೂ ಅಲ್ಲಾಹನು ಕಾಪಾಡಲಿ. ನಮ್ಮ ಕೈಯಿಂದ ಯಾವ ಜೀವಕ್ಕೂ ಹಾನಿಯಾಗದಂತೆ ನಮಗೆ ವಿವೇಕ ನೀಡಲಿ. ಆಮೀನ್.